ಅಜ್ಜಿಗೆ ಗೊತ್ತಿದ್ದ ಒಂದೇ ಇಂಗ್ಲಿಷ್

ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಇಂಗ್ಲಿಷನ್ನು ಬಾಯಿಯ ಹತ್ತಿರಕ್ಕೂ ಬಿಟ್ಟುಕೊಂಡವರಲ್ಲ. ಸ್ಕೂಲಿಗೆ ಮಠ ಎನ್ನುತ್ತಿದ್ದರು, ಡಾಕ್ಟರಿಗೆ ವೈದ್ಯರು ಎನ್ನುತ್ತಿದ್ದರು. ಕಾಫಿ ಕುಡಿಯುತ್ತಿದ್ದರು, ಆದರೆ ಅದರ ಹೆಸರು ಹೇಳುತ್ತಿರಲಿಲ್ಲ. ‘ಒಂದು ಲೋಟ ತಾ’ ಅಂದರೆ ನಾವು ಅರ್ಥ ಮಾಡಿಕೊಳ್ಳಬೇಕಿತ್ತು. ಅಂಥವರ ಬಾಯಲ್ಲಿ ತಿಂಗಳಿಗೆ ಮೂರು ದಿನ ಒಂದು ಇಂಗ್ಲಿಷ್ ಪದ ಸಲೀಸಾಗಿ ಓಡಾಡುತ್ತಿತ್ತು. ಔಟ್.

“ನಿಮ್ಮಮ್ಮ ಈವತ್ತು ಔಟು. ಹತ್ರ ಹೋಗ್ಬೇಡ.”

ಮುಟ್ಟಾದ ಹೆಂಗಸು ಮೂರು ದಿನ ಮನೆಯೊಳಗೆ ಕಾಲಿಡಬಾರದು, ಯಾರನ್ನೂ ಏನನ್ನೂ ಮುಟ್ಟಬಾರದು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು ಎನ್ನುವುದು ನಮ್ಮಂಥವರ ಮನೆಗಳಲ್ಲಿ ನಡೆದುಬಂದ ಪದ್ಧತಿ. ಅದನ್ನು ಹೇಳಲು ಕನ್ನಡದಲ್ಲಿ ಮಾತಿಗೇನೂ ಬರವಿರಲಿಲ್ಲ. ಹೊರಗಾದಳು ಎನ್ನುತ್ತಿದ್ದರು, ದೂರ ಕೂತಳು ಎನ್ನುತ್ತಿದ್ದರು, ಚಿಕ್ಕ ಮಕ್ಕಳು ಕೇಳಿದರೆ ಕಾಗೆ ಮುಟ್ಟಿತು ಎಂದು ಬಾಯಿ ಮುಚ್ಚಿಸುತ್ತಿದ್ದರು. ಆದರೆ ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ದಿನವೂ ಇಂಗ್ಲಿಷ್ ಪೇಪರ್ ಓದುವವರು. ಹನುಮಂತನಗರದ ವಠಾರದಲ್ಲಿ ಆರು ಸಂಸಾರಗಳ ಕಿವಿಗೆ ಬೀಳುವ ಹಾಗೆ ತಮ್ಮ ತಾಯಿ ‘ಸೊಸೆ ಮುಟ್ಟಾಗಿದಾಳೆ’ ಎಂದು ಕೂಗುವುದು ಅವರಿಗೆ ನಾಚಿಕೆಯೆನಿಸಿತು. “ಔಟ್ ಅಂತ ಹೇಳಮ್ಮ, ಸಾಕು” ಎಂದು ಕಲಿಸಿದರು. ಅಜ್ಜಿ ಕಲಿತರು. ಉಳಿದ ಐದು ಸಂಸಾರದವರೂ ಒಂದೇ ವಾರದಲ್ಲಿ ಅದರ ಅರ್ಥ ಕಲಿತರು.

ಅಪ್ಪನಿಗೆ ನಾಚಿಕೆಯಾದದ್ದು ಆ ಮಾತಿನ ಬಗ್ಗೆ ಮಾತ್ರ. ಹೆಂಡತಿ ಮೂರು ದಿನ ಬಚ್ಚಲಿನ ಬಾಗಿಲ ಹಿಂದೆ, ಒಂದು ಚಾಪೆ ಒಂದು ಚೊಂಬು ಇಟ್ಟುಕೊಂಡು, ಹೋಗಿಬರುವವರಿಗೆಲ್ಲ ಸೆರಗು ತಾಗದ ಹಾಗೆ ಮುದುಡಿ ಕೂರುತ್ತಿದ್ದಳಲ್ಲ, ಅದಕ್ಕೆ ನಾಚಿಕೆಯಾಗಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅದೇ ಪದ ಗಂಡಸರ ಬಾಯಲ್ಲಿ ಎಷ್ಟು ಹಗುರವಾಗಿತ್ತು! ಅಪ್ಪನ ಸಾಹೇಬರು ಔಟ್ ಆಫ್ ಸ್ಟೇಷನ್ ಹೋದ ದಿನ ಅಪ್ಪ ಬೇಗ ಮನೆಗೆ ಬಂದು ಬೋಂಡಾ ಮಾಡಿಸಿಕೊಂಡು ತಿನ್ನುತ್ತಿದ್ದರು. ರೇಷನ್ ಡಿಪೋದವನು ಸಕ್ಕರೆ ಔಟ್ ಆಫ್ ಸ್ಟಾಕ್ ಎಂದರೆ ಬೀದಿಯವರೆಲ್ಲ ಸೇರಿಕೊಂಡು ಅವನ ಮೇಲೆ ಜಗಳಕ್ಕೆ ಹೋಗುತ್ತಿದ್ದರು. ಪರೀಕ್ಷೆ ಹತ್ತಿರ ಬಂದರೆ ಕ್ವೆಶ್ಚನ್ ಪೇಪರ್ ಔಟ್ ಆಗಿದೆಯಂತೆ ಎಂದು ಅಣ್ಣನ ಗೆಳೆಯರು ಸೈಕಲ್ ತುಳಿದುಕೊಂಡು ಓಡಾಡುತ್ತಿದ್ದರು, ಒಂದು ಸಲವೂ ಅದು ಔಟ್ ಆಗಿರುತ್ತಿರಲಿಲ್ಲ. ಎದುರು ಸಾಲಿನ ಮನೆಯವರೊಬ್ಬರು ಶನಿವಾರ ಸಂಜೆ ಗೋಡೆ ಹಿಡಿದುಕೊಂಡು ಬಂದರೆ ‘ಆಸಾಮಿ ಫುಲ್ ಔಟು’ ಎಂದು ನಕ್ಕು, ಕೈಹಿಡಿದು ಮನೆಯೊಳಗೆ ಬಿಟ್ಟುಬರುತ್ತಿದ್ದರು. ಕುಡಿದವನನ್ನು ಮುಟ್ಟಬಹುದಿತ್ತು.

ಇನ್ನು ಅಣ್ಣನ ಕ್ರಿಕೆಟ್ಟು. ನನಗಿಂತ ನಾಲ್ಕು ವರ್ಷ ದೊಡ್ಡವನು. ಅಂಪೈರು ಔಟ್ ಕೊಟ್ಟರೆ ಅವನು ಬ್ಯಾಟು ಕೆಳಗಿಡುತ್ತಿರಲಿಲ್ಲ. “ಹೆಂಗೋ ಔಟು? ಎಲ್ಲಿ ತಾಗ್ತು, ತೋರ್ಸೋ!” ಎಂದು ಶುರುಮಾಡಿದರೆ ಅರ್ಧ ಗಂಟೆ ವಾದ. ಕೊನೆಗೆ ಹಾಳಾಗಿ ಹೋಗಲಿ ಎಂದು ಅವರೇ ಇನ್ನೊಂದು ಬಾಲು ಹಾಕುತ್ತಿದ್ದರು. ಹದಿಮೂರನೆಯ ವಯಸ್ಸಿಗೆ ನಾನು ಮೊದಲ ಸಲ ಔಟ್ ಆದೆ. ಹೇಗೆ ಔಟು, ಯಾಕೆ ಔಟು ಎಂದು ನಾನೂ ಕೇಳಿದೆ. “ಬಾಯಿ ಜಾಸ್ತಿ ಆಯ್ತು” ಎಂದರು ಅಜ್ಜಿ. ಅಲ್ಲಿಗೆ ನನ್ನ ವಾದ ಮುಗಿಯಿತು.

ಅಷ್ಟು ಹೊತ್ತಿಗೆ ನಾವು ಜಯನಗರಕ್ಕೆ ಬಂದಾಗಿತ್ತು. ಅರವತ್ತರ ದಶಕದ ಶುರು. ಅಪ್ಪನಿಗೆ ಸೈಟು ಸಿಕ್ಕಿ, ಮನೆ ಕಟ್ಟಿಸಿದರು. ನಮ್ಮ ಮನೆಯ ಆಚೆಗೆ ನಾಲ್ಕು ಮನೆ, ಅದರಾಚೆಗೆ ಕಲ್ಲು ನೆಟ್ಟ ಖಾಲಿ ಸೈಟುಗಳು, ಅದರಾಚೆಗೆ ಇನ್ನೂ ರಾಗಿ ಹೊಲ. ಸಂಜೆ ಬನಶಂಕರಿಯ ಕಡೆಯಿಂದ ಗಾಳಿ ಬೀಸಿದರೆ ಮನೆಯೊಳಗೆಲ್ಲ ಕೆಂಪು ದೂಳು. ಅಪ್ಪ ನೀಲಿ ಕಾಗದದ ನಕ್ಷೆಯನ್ನು ಊಟದ ಎಲೆಯ ಹಾಗೆ ನೆಲದ ಮೇಲೆ ಹರಡಿಕೊಂಡು, ಇದು ಹಾಲು, ಇದು ರೂಮು, ಇದು ದೇವರ ಮನೆ ಎಂದು ತೋರಿಸಿದರು. ಹಿತ್ತಿಲಿನ ಮೂಲೆಯಲ್ಲಿ ಒಂದು ಚೌಕ ಉಳಿದಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ಔಟ್‌ಹೌಸ್ ಎಂದು ಬರೆದಿತ್ತು.

ಜಯನಗರದಲ್ಲಿ ಆಗ ಮನೆ ಕಟ್ಟಿಸಿದವರು ಬಹಳ ಮಂದಿ ಹಿಂದುಗಡೆ ಒಂದು ಔಟ್‌ಹೌಸ್ ಹಾಕಿಸಿ ಬಾಡಿಗೆಗೆ ಕೊಡುತ್ತಿದ್ದರು. ನಮ್ಮದನ್ನು ಕೊಡಲಿಲ್ಲ. ಅಜ್ಜಿ ನಕ್ಷೆಯ ಮೇಲೆ ಬೆರಳಿಟ್ಟು, “ಇದು ಹೆಂಗಸರಿಗೆ” ಎಂದುಬಿಟ್ಟರು. ಅಪ್ಪ ಖುಷಿಯಾಗಿ ಮೇಸ್ತ್ರಿಗೆ ಹೇಳಿ ಅಲ್ಲಿಗೊಂದು ಬೇರೆ ನಲ್ಲಿ, ತಟ್ಟೆ ಇಟ್ಟು ಹೋಗಲು ಬಾಗಿಲ ಪಕ್ಕ ಒಂದು ಕಟ್ಟೆ ಹಾಕಿಸಿದರು. ಗೃಹಪ್ರವೇಶಕ್ಕೆ ಬಂದವರನ್ನೆಲ್ಲ ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದರು. “ಸೆಪರೇಟ್ ಅರೇಂಜ್‌ಮೆಂಟ್ ಸಾರ್. ಎಷ್ಟು ಮನೇಲಿದೆ ಹೇಳಿ ಈ ಸೌಕರ್ಯ?” ಬಂದವರು ತಲೆದೂಗಿದರು. ಅಮ್ಮ ಪಕ್ಕದಲ್ಲಿ ಬೆಳ್ಳಿ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಅವಳ ಮೂರು ದಿನವನ್ನು ಮೇಸ್ತ್ರಿಯಿಂದ ಹಿಡಿದು ಬೀಗರವರೆಗೆ ಎಲ್ಲರೂ ನೋಡಿಕೊಂಡು ಹೋದರು.

ಈಗ ಕೆಲವರು, ಓದಿದವರೇ, ನನ್ನೆದುರು ಕೂತು ಹೇಳುತ್ತಾರೆ. ಹಿಂದಿನವರು ಬುದ್ಧಿವಂತರು, ಹೆಂಗಸರಿಗೆ ಮೂರು ದಿನ ವಿಶ್ರಾಂತಿ ಸಿಗಲಿ ಎಂದು ಮಾಡಿದ್ದು, ಅಂತ. ವಿಶ್ರಾಂತಿ! ಮನೆಮಂದಿಯ ಹಾಸಿಗೆ, ಹೊದಿಕೆ, ಕಂಬಳಿಗಳೆಲ್ಲ ಆ ಮೂರು ದಿನಕ್ಕೆಂದೇ ಔಟ್‌ಹೌಸಿನ ಒಗೆಯುವ ಕಲ್ಲಿನ ಮುಂದೆ ಬಂದು ಬೀಳುತ್ತಿದ್ದವು. ಇಡೀ ತಿಂಗಳ ಅಕ್ಕಿ, ಬೇಳೆಯ ಕಲ್ಲು ಆರಿಸುವುದು ಅಲ್ಲೇ. ಹಸಿ ಅಕ್ಕಿಗೆ ಮೈಲಿಗೆಯಿಲ್ಲವಂತೆ, ಬೆಂದರೆ ಇದೆಯಂತೆ. ಈ ಶಾಸ್ತ್ರವನ್ನು ಬರೆದವರು ಯಾರೋ, ಕೆಲಸ ತೆಗೆಯುವುದನ್ನು ಚೆನ್ನಾಗಿ ಬಲ್ಲವರು. ನಮಗೆ ಹಾಲು ತರುತ್ತಿದ್ದ ಹೆಂಗಸು ಅಲ್ಲಿಯ ಹಳೇ ಹಳ್ಳಿಯವಳು. ನಮ್ಮ ಸೈಟಿನ ಜಾಗದಲ್ಲೇ ಅವಳ ಮಾವ ರಾಗಿ ಬೆಳೆಯುತ್ತಿದ್ದರಂತೆ. ಅವಳು ಅಮ್ಮನನ್ನು ಹಿತ್ತಿಲಲ್ಲಿ ಕಂಡಾಗಲೆಲ್ಲ ಸೊಂಟದ ಮೇಲೆ ಕೈಯಿಟ್ಟುಕೊಂಡು, “ನಿಮ್ಮಂಗೆ ನಾವೂ ಮೂರು ದಿನ ಕುಂತ್ರೆ ಹಸ ಕರೆಯೋರ್ ಯಾರವ್ವ?” ಎಂದು ಕೇಳುತ್ತಿದ್ದಳು. ಅವಳು ಕರೆದ ಹಾಲು ಪ್ರತಿದಿನ ನಮ್ಮ ದೇವರಿಗೆ ನೈವೇದ್ಯವಾಗುತ್ತಿತ್ತು. ಅಜ್ಜಿ ಆ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಲೇ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಸಿಟ್ಟು ಬರುತ್ತಿದ್ದದ್ದು ಪುಸ್ತಕದ ವಿಚಾರಕ್ಕೆ. ಪುಸ್ತಕ ಸರಸ್ವತಿ, ಔಟಾದವಳು ಮುಟ್ಟಬಾರದು. ಸ್ಕೂಲಿಗೆ ಹೋಗಬಹುದು, ಯಾಕೆಂದರೆ ಅಲ್ಲಿ ಯಾರು ಏನು ಮುಟ್ಟಿದರು ಎಂದು ಅಜ್ಜಿ ಕಾಣುವುದಿಲ್ಲ. ಮನೆಗೆ ಬಂದ ಮೇಲೆ ಮುಟ್ಟಬಾರದು. ಹಾಗಾಗಿ ನಾನು ತಿಂಗಳಿಗೆ ಮೂರು ಸಂಜೆ ಔಟ್‌ಹೌಸಿನ ಸಿಮೆಂಟು ನೆಲದ ಮೇಲೆ ಇದ್ದಿಲ ಚೂರಿನಿಂದ ಲೆಕ್ಕ ಮಾಡುತ್ತಿದ್ದೆ. ಸ್ಕೂಲಿನಲ್ಲೇ ಬಾಯಿಪಾಠ ಮಾಡಿಕೊಂಡು ಬಂದ ಲೆಕ್ಕಗಳು. ನಾಲ್ಕನೆಯ ದಿನ ನೆಲ ತೊಳೆದು ಒಳಗೆ ಬರುತ್ತಿದ್ದೆ.

ನನಗೆ ಹದಿನೇಳಾದ ವರ್ಷ ನಾನು ಎಸ್‌ಎಸ್‌ಎಲ್‌ಸಿ. ನಮ್ಮ ವಂಶದಲ್ಲಿ ಅಷ್ಟು ದೂರ ಓದಿದ ಮೊದಲ ಹುಡುಗಿ ಎಂದು ಅಪ್ಪ ಹೊರಗೆ ಹೇಳಿಕೊಳ್ಳುತ್ತಿದ್ದರು. ಒಳಗೆ ಬೇರೆ ಮಾತಾಗಿತ್ತು. ನನ್ನ ಜಾತಕ ಆಗಲೇ ಎರಡು ಮನೆಗೆ ಹೋಗಿತ್ತು. ಕಾಲೇಜಿಗೆ ಸೇರಿಸಿ ಎಂದು ನಾನು ಹಟ ಹಿಡಿದು ಎರಡು ಹೊತ್ತು ಊಟ ಬಿಟ್ಟ ಮೇಲೆ ಅಪ್ಪ ಒಂದು ತೀರ್ಮಾನ ಹೇಳಿದರು. “ನೋಡಮ್ಮ, ಒಂದೇ ಸಲಕ್ಕೆ ಪಾಸಾದ್ರೆ ಕಾಲೇಜು. ಒಂದು ಸಬ್ಜೆಕ್ಟ್ ಹೋದ್ರೂ ಮುಗೀತು. ಸೆಪ್ಟೆಂಬರ್‌ಗೀಪ್ಟೆಂಬರ್‌ಗೆ ನಾನು ಮತ್ತೆ ಪರೀಕ್ಷೆ ಕಟ್ಟಿಸೋದಿಲ್ಲ. ಮದುವೆ.” ಅಮ್ಮ ಆಗ ಅಲ್ಲೇ ಬಡಿಸುತ್ತಿದ್ದಳು. ಅಪ್ಪನಿಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಅಣ್ಣ ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಾಗ ಅವನಿಗೆ ಯಾರೂ ಹೀಗೆ ಹೇಳಿರಲಿಲ್ಲ. ಬಾದಾಮಿ ಹಾಲು ಕಾಸಿಕೊಟ್ಟಿದ್ದರು.

ಪರೀಕ್ಷೆಗಳೆಲ್ಲ ಸರಿಯಾಗಿಯೇ ನಡೆದವು. ಕೊನೆಯದು ಲೆಕ್ಕ. ನನಗೆ ಭಯವಿದ್ದದ್ದೂ ಅದೊಂದೇ. ಆ ದಿನವೇ ತಾತನ ತಿಥಿ. ವರ್ಷಕ್ಕೊಮ್ಮೆ ಬರುವ ಆ ದಿನ ಮನೆಯೆಲ್ಲ ಮಡಿ. ಒಳಗಿನವರು ನಸುಕಿನಲ್ಲೇ ಸ್ನಾನ ಮಾಡಿ ಒಗೆದು ಆರಿಸಿದ ಬಟ್ಟೆಯುಟ್ಟು ಬೇರೆ ಯಾರಿಗೂ ತಾಗದೆ ಅಡುಗೆ ಮಾಡಬೇಕು. ಅಜ್ಜಿಗೆ ಹಿಂದಿನ ತಿಂಗಳು ಬಚ್ಚಲಲ್ಲಿ ಜಾರಿ ಬಲಗೈ ಮುರಿದಿತ್ತು, ಕಟ್ಟು ಬಿಚ್ಚಿರಲಿಲ್ಲ. ವಡೆ, ಪಾಯಸ, ಎಳ್ಳುಂಡೆ, ಅಷ್ಟೂ ಅಮ್ಮ ಒಬ್ಬಳೇ ಮಾಡಬೇಕಿತ್ತು.

ಹಿಂದಿನ ದಿನ ಸಂಜೆ ದೀಪ ಹಚ್ಚುವಾಗ ಅಮ್ಮ ನನ್ನ ಜಾಮಿಟ್ರಿ ಬಾಕ್ಸಿನಿಂದ ಹಾಲ್ ಟಿಕೆಟ್ಟನ್ನೂ ಪೆನ್ನನ್ನೂ ತೆಗೆದುಕೊಂಡು ಹೋಗಿ ದೇವರ ಮನೆಯಲ್ಲಿ, ದೇವರ ಪಾದದ ಹತ್ತಿರ ಇಟ್ಟಳು. ಪೆನ್ನಿಗೆ ಕುಂಕುಮ ಹಚ್ಚಿದಳು. “ಲೆಕ್ಕಕ್ಕೆ ದೇವರೇ ದಿಕ್ಕು ನಿಂಗೆ. ಬೆಳಗ್ಗೆ ನಮಸ್ಕಾರ ಮಾಡಿ ತಗೊಂಡು ಹೋಗು” ಎಂದಳು. ಪರೀಕ್ಷೆಗೆ ಕೂರುವ ಮಕ್ಕಳಿರುವ ನಮ್ಮಂಥ ಮನೆಗಳಲ್ಲೆಲ್ಲ ಇದು ಇದ್ದದ್ದೇ. ಅಣ್ಣನ ಹಾಲ್ ಟಿಕೆಟ್ಟೂ ಅಲ್ಲೇ ಕೂತು ಎರಡು ಸಲ ಫೇಲಾಗಿತ್ತು.

ಬೆಳಗ್ಗೆ ಆರು ಗಂಟೆಗೆ ಎದ್ದೆ. ಎದ್ದ ಕೂಡಲೇ ಗೊತ್ತಾಯಿತು. ಇನ್ನೂ ಐದಾರು ದಿನವಿದೆ ಎಂದುಕೊಂಡಿದ್ದೆ. ಲೆಕ್ಕದ ಭಯಕ್ಕೋ ಏನೋ ಮುಂಚೆಯೇ ಬಂದಿತ್ತು. ನಾಲ್ಕು ವರ್ಷದಿಂದ ಕಲಿಸಿದ ಪಾಠ, ನಾಲಿಗೆಯ ತುದಿಯಲ್ಲೇ ಇತ್ತು. ರೂಮಿನಿಂದ ಹಿತ್ತಿಲಿಗೆ ಓಡಿ, ಔಟ್‌ಹೌಸಿನ ಮುಂದೆ ನಿಂತುಕೊಂಡು ಅಡುಗೆಮನೆಯ ಕಿಟಕಿಗೆ ಕೇಳುವಂತೆ ಕೂಗಿದೆ.

“ಅಮ್ಮಾ, ನಾನು ಔಟು!”

ಕಿಟಕಿಯಲ್ಲಿ ಅಮ್ಮನ ಮುಖ ಕಂಡಿತು. ಒಂದು ಗಳಿಗೆ ನನ್ನನ್ನೇ ನೋಡಿದಳು. ಒಳಗೆ ಹೋದಳು. ನನ್ನ ಹಾಲ್ ಟಿಕೆಟ್ಟಿನ ನೆನಪು ನನಗಾದದ್ದು ಆಮೇಲೆ, ನಲ್ಲಿಯ ಕೆಳಗೆ ಮುಖ ತೊಳೆಯುವಾಗ.

ಪರೀಕ್ಷೆ ಹತ್ತು ಗಂಟೆಗೆ. ಬಸವನಗುಡಿಯ ಕಡೆಯ ಒಂದು ಹೈಸ್ಕೂಲಿನಲ್ಲಿ. ನಡೆದರೆ ಮುಕ್ಕಾಲು ಗಂಟೆ. ಉಳಿದ ದಿನ ಅಪ್ಪ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಿಡುತ್ತಿದ್ದರು. ತಿಥಿಯ ದಿನ, ಅದೂ ಔಟಾದವಳನ್ನು, ಎಲ್ಲಿಂದ ಕೂರಿಸಿಕೊಳ್ಳುತ್ತಾರೆ? ನಡೆದೇ ಹೋಗುತ್ತೇನೆ, ಹಾಲ್ ಟಿಕೆಟ್ ಒಂದು ಕೊಟ್ಟುಬಿಡಿ ಎಂದು ಹಿತ್ತಿಲಿನಿಂದ ಕೇಳಿದೆ. ಮೊದಲು ಮೆಲ್ಲಗೆ ಕೇಳಿದೆ. ಆಮೇಲೆ ಗಟ್ಟಿಯಾಗಿ ಕೇಳಿದೆ.

ಅಜ್ಜಿ ಕಟ್ಟು ಹಾಕಿದ ಕೈಯನ್ನು ಎದೆಗೆ ಅವಚಿಕೊಂಡು ಹಿಂಬಾಗಿಲಿಗೆ ಬಂದರು. “ದೇವರ ಪಾದದಲ್ಲಿ ಇಟ್ಟಿದ್ದನ್ನ ಔಟಾದವಳ ಕೈಗೆ ಕೊಡೋದೇನೇ? ಅದೂ ಈವತ್ತು? ನಿಮ್ ತಾತ ಎಲೆ ಮುಂದೆ ಬಂದು ಕೂತಾರೇನೇ?”

“ಅಜ್ಜಿ, ಅದು ಕಾಗದ. ಪರೀಕ್ಷೆ ಕಾಗದ.”

“ಕಾಗದ ಆಗಿದ್ದು ನಿನ್ನೆ ಸಾಯಂಕಾಲದವರೆಗೆ. ಈಗ ಪ್ರಸಾದ. ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು ಬಂದು ತಗೋ.”

ನಾಲ್ಕನೆಯ ದಿನ! ನಾನು ಅಪ್ಪನನ್ನು ಕೂಗಿದೆ. ಅಪ್ಪ ಪಂಚೆಯ ಮೇಲೆ ಒದ್ದೆ ಟವೆಲು ಹೊದ್ದುಕೊಂಡು ಬಂದು, ಎರಡೂ ಕಡೆಯ ಮಾತು ಕೇಳಿದರು. ಕಚೇರಿಯಲ್ಲಿ ಫೈಲು ನೋಡಿದ ಹಾಗೆ ಗಂಭೀರವಾಗಿ ಯೋಚಿಸಿದರು. ಕೊನೆಗೆ ಅವರಿಗೆ ಹೊಳೆದದ್ದು ಏನು ಗೊತ್ತೆ? “ನಾನೊಂದು ಲೆಟರ್ ಬರೆದು ಕಟ್ಟೆ ಮೇಲೆ ಇಡ್ತೀನಿ. ಹಾಲ್ ಟಿಕೆಟ್ ಮನೇಲಿದೆ, ಆಮೇಲೆ ಪ್ರೊಡ್ಯೂಸ್ ಮಾಡ್ತಾಳೆ ಅಂತ. ತೋರ್ಸು, ಬಿಡ್ತಾರೆ.” ಕಾಗದದ ಮೇಲೆ ಸೀಲು ಸೊಟ್ಟಗಿದ್ದರೆ ಅರ್ಜಿಯನ್ನೇ ವಾಪಸ್ಸು ಕಳಿಸುವ ಮನುಷ್ಯ ಆಡುವ ಮಾತೇ ಇದು? ಹಾಲ್ ಟಿಕೆಟ್ ಇಲ್ಲದೆ ಯಾರೂ ಒಳಗೆ ಬಿಡುವುದಿಲ್ಲ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಣ್ಣ ಸ್ನಾನ ಮಾಡಿರಲಿಲ್ಲ, ಹಾಗಾಗಿ ಅವನಿಗೂ ದೇವರ ಮನೆಗೆ ಪ್ರವೇಶವಿರಲಿಲ್ಲ. ಬಾಯಿ ತುಂಬ ಹಲ್ಲುಪುಡಿ ಇಟ್ಟುಕೊಂಡು ಬಂದು, “ಕೊಟ್ಬಿಡಿ ಅಜ್ಜಿ, ಪಾಪ” ಎಂದ. ಅಜ್ಜಿ ಕಣ್ಣು ಬಿಟ್ಟರು. ಅವನು ಪೇಪರಿನ ಕ್ರಿಕೆಟ್ ಪುಟಕ್ಕೆ ವಾಪಸ್ಸು ಹೋದ.

ಉಳಿದವಳು ಅಮ್ಮ. ಅವಳು ಮಡಿಯಲ್ಲಿದ್ದಳು. ಅಡುಗೆಮನೆಗೂ ದೇವರ ಮನೆಗೂ ನಡುವೆ ಇದ್ದದ್ದು ಒಂದು ಹೊಸ್ತಿಲು. ಅವಳು ಕೈಚಾಚಿ ಆ ಕಾಗದವನ್ನು ಎತ್ತಿ ಕಿಟಕಿಯಿಂದ ಆಚೆಗೆ ಎಸೆದರೆ ಸಾಕಿತ್ತು. “ಅಮ್ಮಾ, ಎಸಿಯಮ್ಮಾ, ಎಸೆದ್ಬಿಡು” ಎಂದು ನಾನು ಕಿಟಕಿಯ ಕೆಳಗೆ ನಿಂತು ಅತ್ತೆ. ಒಳಗಿನಿಂದ ಎಣ್ಣೆಗೆ ವಡೆ ಬೀಳುವ ಸದ್ದು ಬಂತು. ಮತ್ತೆ ಇನ್ನೊಂದು ವಡೆ. ಅವಳು ಕಿಟಕಿಗೆ ಬರಲಿಲ್ಲ.

ಗಡಿಯಾರ ಒಂಬತ್ತೂವರೆ ಹೊಡೆಯಿತು. ಆಮೇಲೆ ನಾನು ಯೋಚನೆ ಮಾಡಲಿಲ್ಲ. ಅಜ್ಜಿಯನ್ನು ದಾಟಿಕೊಂಡು ಹಿಂಬಾಗಿಲಿನಿಂದ ಒಳಗೆ ನುಗ್ಗಿದೆ. ಅಡುಗೆಮನೆಯ ಮೂಲಕವೇ ಹೋದೆ, ಬೇರೆ ದಾರಿಯಿರಲಿಲ್ಲ. ಒಲೆಯ ಮುಂದೆ ಅಮ್ಮ ಜಾಲರಿ ಸೌಟು ಹಿಡಿದುಕೊಂಡು ಹಾಗೇ ನಿಂತಳು. ದೇವರ ಮನೆಯ ಹೊಸ್ತಿಲು ದಾಟಿ, ಪಾದದ ಹತ್ತಿರದಿಂದ ಹಾಲ್ ಟಿಕೆಟ್ಟನ್ನೂ ಪೆನ್ನನ್ನೂ ತೆಗೆದುಕೊಂಡೆ. ಒಂದು ಹೂವು ಅದರ ಜೊತೆಗೆ ಬಂತು, ಅದನ್ನು ಅಲ್ಲೇ ಬಿಟ್ಟೆ. ಹಿಂದಿನಿಂದ ಅಜ್ಜಿ ಕಿರುಚುತ್ತಿದ್ದರು. “ಔಟು! ಔಟು! ಎಲ್ಲಾ ಹಾಳಾಯ್ತಲ್ಲೋ, ಹಿಡಿಯೋ ಅವಳನ್ನ!” ಹಿಡಿಯುವುದು ಹೇಗೆ? ಹಿಡಿದರೆ ಹಿಡಿದವರೂ ಮೈಲಿಗೆ. ಅಪ್ಪ ನಡುಮನೆಯಲ್ಲಿ ಗೋಡೆಗೆ ಅಂಟಿಕೊಂಡು ನನಗೆ ದಾರಿ ಬಿಟ್ಟರು. ಮುಂಬಾಗಿಲಿನಿಂದಲೇ ರಸ್ತೆಗೆ ಇಳಿದೆ.

ಸೌತ್ ಎಂಡ್ ದಾಟಿ ಓಡಿದ್ದು ನೆನಪಿದೆ. ಚಪ್ಪಲಿ ಹಾಕಿಕೊಂಡಿರಲಿಲ್ಲ ಎನ್ನುವುದು ಹಾಲ್‌ನಲ್ಲಿ ಕೂತ ಮೇಲೆ ಗೊತ್ತಾಯಿತು. ಬೆಲ್ಲು ಹೊಡೆದು ಐದು ನಿಮಿಷವಾಗಿತ್ತು. ಬಾಗಿಲಲ್ಲಿದ್ದ ಮೇಷ್ಟರು ಹಾಲ್ ಟಿಕೆಟ್ಟನ್ನು ಮುಟ್ಟಿ, ತಿರುಗಿಸಿ, ನಂಬರು ನೋಡಿ, “ಬೇಗ ಹೋಗಮ್ಮ, ಕೂತ್ಕೊ” ಎಂದರು. ಅಂಚಿಗೆ ಕುಂಕುಮ ಹತ್ತಿತ್ತು. ಅವರ ಬೆರಳಿಗೂ ಹತ್ತಿತು. ಅವರಿಗೇನೂ ಆಗಲಿಲ್ಲ. ನಾನು ಎಲ್ಲ ಲೆಕ್ಕಗಳನ್ನೂ ಮಾಡಿದೆ. ಸಿಟ್ಟಿನಲ್ಲಿ ನನಗೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಆ ದಿನ ತಿಳಿಯಿತು.

ಮನೆಗೆ ಬಂದಾಗ ಎರಡು ಗಂಟೆ. ಹಿತ್ತಿಲಿನ ಗೇಟಿನಿಂದ ಔಟ್‌ಹೌಸಿಗೆ ಹೋದೆ. ಅಲ್ಲಿಂದ ಕಂಡದ್ದರಲ್ಲೇ ಎಲ್ಲ ತಿಳಿಯುತ್ತಿತ್ತು. ಬೆಳಗಿನ ವಡೆ, ಪಾಯಸ, ಪಲ್ಯ, ಎಲ್ಲವನ್ನೂ ಹಾಲಿನವಳ ಹಸುವಿಗೆಂದು ಬಕೆಟ್ಟಿನಲ್ಲಿ ಸುರಿದಿದ್ದರು. ಮನೆಯೆಲ್ಲ ತೊಳೆದಿತ್ತು. ಅಪ್ಪ, ಅಜ್ಜಿ, ಅಮ್ಮ ಮತ್ತೆ ತಲೆಗೆ ಸ್ನಾನ ಮಾಡಿದ್ದರು. ಅಮ್ಮ ಮೊದಲಿನಿಂದ, ಅಕ್ಕಿ ತೊಳೆಯುವುದರಿಂದ, ಎಲ್ಲವನ್ನೂ ಮತ್ತೊಮ್ಮೆ ಮಾಡಿದ್ದಳು. ಪುರೋಹಿತರು ಎರಡು ಗಂಟೆ ಕಾದು ಕೂತಿದ್ದು ಆಗಷ್ಟೇ ಎಲೆಗೆ ಕೂತಿದ್ದರು. ನಾಲ್ಕು ಗಂಟೆಗೆ ಕಟ್ಟೆಯ ಮೇಲೆ ನನ್ನ ತಟ್ಟೆ ಬಂತು. ಅಮ್ಮ ಇಟ್ಟು, ಹಿಂದೆ ಸರಿದು, “ಬರೆದ್ಯಾ?” ಎಂದು ಕೇಳಿದಳು. “ಹೂಂ” ಎಂದೆ. ಅವಳ ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿತ್ತು. ಇಷ್ಟೆಲ್ಲ ನನ್ನಿಂದಾಯಿತಲ್ಲ ಎಂದು ನೊಂದುಕೊಂಡೆ. ಸಿಟ್ಟು ಆ ಹೊತ್ತಿನಲ್ಲಿ ಅವಳ ಮೇಲಿರಲಿಲ್ಲ.

ಅಪ್ಪ ನನ್ನ ಜೊತೆ ಹದಿನೈದು ದಿನ ಮಾತಾಡಲಿಲ್ಲ. ಫಲಿತಾಂಶ ಬಂದು, ಲೆಕ್ಕದಲ್ಲಿಯೇ ಎಲ್ಲಕ್ಕಿಂತ ಹೆಚ್ಚು ನಂಬರು ಬಂದಾಗ ಮಾತಾಡಿದರು. ಕೊಟ್ಟ ಮಾತಿನಂತೆ ಕಾಲೇಜಿಗೆ ಸೇರಿಸಿದರು, ಅದನ್ನು ಇಲ್ಲವೆನ್ನುವುದಿಲ್ಲ. ಅಜ್ಜಿ ಬೀದಿಯ ಹೆಂಗಸರಿಗೆಲ್ಲ ಸಕ್ಕರೆ ಹಂಚುತ್ತ, “ಹಾಲ್ ಟಿಕೇಟು ದೇವರ ಪಾದದಲ್ಲಿತ್ತು, ಅದಕ್ಕೇ ಪಾಸಾದಳು” ಎಂದು ಹೇಳಿಕೊಂಡು ಬಂದರು. ಹೌದು, ಹಾಲ್ ಟಿಕೇಟು ಎಂದೇ ಹೇಳಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದಕ್ಕೆ ಪರೀಕ್ಷೆಯ ಮಾರನೆಯ ದಿನ ನಡೆದದ್ದನ್ನು ಹೇಳಬೇಕು.

ಮಾರನೆಯ ಬೆಳಗ್ಗೆ ಅಮ್ಮ ತನ್ನ ಚಾಪೆ, ಚೊಂಬು ಹಿಡಿದುಕೊಂಡು ಔಟ್‌ಹೌಸಿಗೆ ಬಂದಳು. “ನಾನೂ ಔಟು” ಎಂದಳು. ಔಟಾದ ಇಬ್ಬರು ಒಬ್ಬರನ್ನೊಬ್ಬರು ಮುಟ್ಟಿದರೆ ತಪ್ಪಿಲ್ಲ. ನನಗೆ ಹದಿನೇಳಾಗಿದ್ದರೂ ಅವಳಿಗೆ ಒರಗಿಕೊಂಡು ಕೂತೆ. ನಿನ್ನೆ ಒಂದೇ ದಿನ ಎರಡು ತಿಥಿಯ ಅಡುಗೆ ಮಾಡಿದ ಕೈ ನನ್ನ ತಲೆ ಸವರುತ್ತಿತ್ತು. ಒಂದು ಮೊರ ಅಕ್ಕಿ ಆಗಲೇ ಅವಳ ಮುಂದೆ ಬಂದಿತ್ತು. ಅಕ್ಕಿಯಲ್ಲೇ ಕಣ್ಣಿಟ್ಟುಕೊಂಡು ಹೇಳಿದಳು.

“ನಂದು ಇದು ಎರಡನೇ ದಿನ ಕಣೆ.”

ನನಗೆ ಅರ್ಥವಾಗಲಿಲ್ಲ.

“ನಿನ್ನೆ ಬೆಳಗ್ಗೆ ನಾಲ್ಕಕ್ಕೆ ಸ್ನಾನಕ್ಕೆ ಹೋದಾಗಲೇ ಗೊತ್ತಾಯ್ತು. ಅಜ್ಜಿಗೆ ಹೇಳ್ದೆ. ತಮ್ಮ ಕಟ್ಟು ಹಾಕಿದ ಕೈ ನೋಡ್ಕೊಂಡ್ರು. ಆಮೇಲೆ, ‘ಅಡುಗೆ ಮಾಡೋರ್ಯಾರು? ಬಾಯಿ ಬಿಡಬೇಡ, ನಾಳೆಯಿಂದ ಎಣಿಸ್ಕೋ’ ಅಂದ್ರು.”

ಅಂದರೆ ಪುರೋಹಿತರು ಉಂಡದ್ದು, ತಾತನಿಗೆ ಇಟ್ಟದ್ದು, ಮೊದಲ ಸಲದ್ದೂ ಎರಡನೆಯ ಸಲದ್ದೂ, ಎಲ್ಲ ಔಟಾದವಳ ಕೈಯ ಅಡುಗೆ. ಹಿಂಬಾಗಿಲಿನಲ್ಲಿ ನಿಂತು ನನ್ನನ್ನು ತಡೆದ ಅಜ್ಜಿಗೆ ಅದು ಗೊತ್ತಿತ್ತು. ಮನೆಯೆಲ್ಲ ತೊಳೆಸಿ, ಅವಳಿಗೆ ಮತ್ತೊಮ್ಮೆ ತಣ್ಣೀರು ಹುಯ್ಯಿಸಿ, ಮತ್ತೊಮ್ಮೆ ಒಲೆಯ ಮುಂದೆ ನಿಲ್ಲಿಸಿದಾಗಲೂ ಗೊತ್ತಿತ್ತು. ವಡೆ ಕರಿಯುವುದಕ್ಕೆ ನಿಯಮ ಒಂದು ದಿನ ಸರಿದು ನಿಂತಿತ್ತು. ನನ್ನ ಒಂದು ತುಂಡು ಕಾಗದಕ್ಕೆ ಒಂದು ನಿಮಿಷ ಸರಿಯಲಿಲ್ಲ. ಹೋಗಿ ಬೀದಿಯ ಮಧ್ಯೆ ನಿಂತು ಕೂಗಿಬಿಡಬೇಕು ಅನ್ನಿಸಿತು.

“ಮತ್ತೆ ನಂಗೆ ಯಾಕೆ ಹೇಳ್ಲಿಲ್ಲಮ್ಮ? ನಾನೂ ಬಾಯಿ ಮುಚ್ಕೊಂಡು ಇರ್ತಿದ್ದೆ.”

“ನೀನು ಎದ್ದ ತಕ್ಷಣ ಕೂಗ್ಬಿಟ್ಟೆಯಲ್ಲೇ. ಹಾಗೆ ಕೂಗು ಅಂತ ಯಾರು ಹೇಳಿದ್ರು ನಿಂಗೆ?”

ಯಾರು ಹೇಳಿದ್ದರು! ಹದಿಮೂರನೆಯ ವಯಸ್ಸಿನಿಂದ ನೀವೆಲ್ಲ ಸೇರಿ ಇನ್ನೇನು ಹೇಳಿಕೊಟ್ಟಿದ್ದಿರಿ ಎಂದು ಕೇಳಲು ಬಾಯಿ ತೆರೆದೆ. ಆದರೆ ಬಂದ ಮಾತು ಬೇರೆ.

“ಹಾಲ್ ಟಿಕೆಟ್ ನಿನ್ ಕೈಗೆ ಎಟುಕ್ತಿತ್ತಲ್ಲಮ್ಮ. ಹೇಗಿದ್ರೂ ನೀನೂ ಔಟಾಗಿದ್ದೆ. ಎತ್ತಿ ಎಸೆದಿದ್ರೆ ಏನಾಗ್ತಿತ್ತು?”

ಅಮ್ಮ ಮೊರದಿಂದ ಒಂದು ಕಲ್ಲು ಆರಿಸಿ ಬಾಗಿಲಾಚೆಗೆ ಎಸೆದಳು. “ಅಜ್ಜಿ ಅಲ್ಲೇ ನಿಂತಿದ್ರು. ಅವರ ಮಾತು ಮೀರಿದ್ರೆ ನನ್ನ ವಿಷಯ ಬಾಯಿಗೆ ಬರ್ತಿತ್ತು. ತಿಥಿ ನಿಂತುಹೋಗ್ತಿತ್ತು” ಎಂದಳು. ಇನ್ನೊಂದು ಕಲ್ಲು ಆರಿಸಿ, “ತಿಥಿ ಆವತ್ತೇ ಆಗ್ಬೇಕು. ಪರೀಕ್ಷೆ ಸೆಪ್ಟೆಂಬರ್‌ನಲ್ಲೂ ಕಟ್ಟಬಹುದಲ್ಲ ಅಂದ್ಕೊಂಡೆ” ಎಂದಳು.

ಸೆಪ್ಟೆಂಬರಿನಲ್ಲಿ ಕಟ್ಟಿಸುವುದಿಲ್ಲ ಎಂದು ಅಪ್ಪ ಹೇಳಿದಾಗ ಅನ್ನದ ಪಾತ್ರೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದವಳು ಅವಳು.

ನಾನು ಎದ್ದೆ. ನನ್ನ ಚಾಪೆಯನ್ನು ಎಳೆದುಕೊಂಡು ಹೋಗಿ ಎದುರಿನ ಗೋಡೆಗೆ ಹಾಕಿಕೊಂಡೆ. ಉಳಿದ ಎರಡು ದಿನ ಆ ಕೋಣೆಯಲ್ಲಿ ನಾನೂ ಅವಳನ್ನು ಮುಟ್ಟಲಿಲ್ಲ.